ಮಂಥರೆಯ ಮೇಲೊಂದು ಮಮತೆ

ಕಳೆದ ತಿಂಗಳು ಬೆಂಗಳೂರಿನಿಂದ ನಮ್ಮ ಬಂಗಾರಪೇಟೆಯ ಮನೆಗೆ ಬಂದಿದ್ದ ಮೊಮ್ಮಗಳು ಸಂಜೆಯ ವೇಳೆ ಧಾರಾವಾಹಿಯೊಂದನ್ನು ನೋಡುತ್ತಾ ಕುಳಿತಿದ್ದಳು. ಅದರಲ್ಲೊಬ್ಬಳು ಅತ್ತೆ. ಕಾಯುವ ಹಾಲಿಗೆ ಹುಳಿ ಹಿಂಡುವುದೇ ಅವಳ ನಿತ್ಯದ ಉದ್ಯೋಗ. ಅವಳು ಬಾಗಿಲ ಮರೆಯಲ್ಲಿ ನಿಂತು ಕಣ್ಣು ಕಿರಿದು ಮಾಡಿದೊಡನೆ ಹಿನ್ನೆಲೆಯಲ್ಲಿ ತಮಟೆ ಬಾರಿಸಿದಂಥ ಸದ್ದು. ಮೊಮ್ಮಗಳು ದಿಂಬನ್ನು ಅಪ್ಪಿಕೊಂಡು, “ತಾತ, ಈ ಧಾರಾವಾಹಿಯಲ್ಲಿ ನನಗೆ ಇಷ್ಟವಾಗುವವಳು ಇವಳೊಬ್ಬಳೇ” ಎಂದಳು. ಅವಳ ತಾಯಿ ಅಡುಗೆಮನೆಯಿಂದಲೇ ಗದರಿದಳು: “ಅಷ್ಟೊಂದು ಒಳ್ಳೆಯವರಿರುವಾಗ ನಿನಗೆ ಆ ರಾಕ್ಷಸಿಯೇ ಬೇಕಾದಳೇನೆ?”

ನಾನು ಗದರಲಿಲ್ಲ. ಕೆಡುಕಿನ ಪಾತ್ರವನ್ನು ಮೆಚ್ಚಿಕೊಂಡ ಮತ್ತೊಬ್ಬರನ್ನು ನಾನು ಬಲ್ಲೆ. ಅವರು ಇದೇ ಮನೆಯ ಇದೇ ನಡುಮನೆಯಲ್ಲಿ, ಇದೇ ಕಂಬಕ್ಕೆ ಒರಗಿ ಕುಳಿತು ದೂರದರ್ಶನ ನೋಡುತ್ತಿದ್ದರು. ಅವರು ನನ್ನ ದೊಡ್ಡಮ್ಮ, ನನ್ನ ತಾಯಿಯ ಅಕ್ಕ. ಅವರು ಮೆಚ್ಚಿದ ಪಾತ್ರ ಮಂಥರೆ.

ಈ ಅಂಕಣದ ಓದುಗರಲ್ಲಿ ಹಿರಿಯರಾದವರಿಗೆ ಆ ದಿನಗಳು ನೆನಪಿರಬಹುದು. ರಮಾನಂದ ಸಾಗರರ ‘ರಾಮಾಯಣ’ 1987ರ ಜನವರಿ 25ರಂದು ಆರಂಭವಾಗಿ 1988ರ ಜುಲೈ 31ರವರೆಗೆ ಭಾನುವಾರದ ಬೆಳಿಗ್ಗೆಗಳಲ್ಲಿ ಪ್ರಸಾರವಾಯಿತು. ಒಂಬತ್ತೂವರೆಗೆ ಬೀದಿಗಳು ಬರಿದಾಗುತ್ತಿದ್ದವು. ದೂರದರ್ಶನದ ಪೆಟ್ಟಿಗೆಗೆ ಹೂವು ಮುಡಿಸಿ, ಊದುಬತ್ತಿ ಹಚ್ಚಿ ಕುಳಿತವರ ಸುದ್ದಿಯನ್ನು ದೇಶದ ಎಲ್ಲ ಕಡೆಯ ಪತ್ರಿಕೆಗಳೂ ಬರೆದವು. ನಮ್ಮ ಬೀದಿಯಲ್ಲಿ ದೂರದರ್ಶನವಿದ್ದ ಮನೆಗಳು ಮೂರೋ ನಾಲ್ಕೋ. ಹೀಗಾಗಿ ನಮ್ಮ ನಡುಮನೆ ಭಾನುವಾರಗಳಂದು ಸಂತೆಯಾಗುತ್ತಿತ್ತು. ಬಂಗಾರಪೇಟೆಯೆಂದರೆ ಕನ್ನಡ, ತೆಲುಗು, ತಮಿಳು ಮೂರೂ ಕೂಡಿ ಆಡುವ ಊರು. ಧಾರಾವಾಹಿ ಹಿಂದಿಯದು. ಹಿಂದಿ ಬಲ್ಲವರು ನಮ್ಮಲ್ಲಿ ಒಬ್ಬಿಬ್ಬರು ಮಾತ್ರ. ಕಥೆ ಎಲ್ಲರದಾಗಿದ್ದುದರಿಂದ ಭಾಷೆ ಯಾರಿಗೂ ತೊಡಕಾಗಲಿಲ್ಲ.

ದೊಡ್ಡಮ್ಮ ಅಂದು ನಸುಕಿನಲ್ಲಿಯೇ ಎದ್ದು ಮಿಂದು, ಇಷ್ಟಲಿಂಗ ಪೂಜೆ ಮುಗಿಸಿ, ವಿಭೂತಿ ಇನ್ನೂ ಒದ್ದೆಯಾಗಿರುವಾಗಲೇ ಕಂಬದ ಬಳಿ ಬಂದು ಕೂರುತ್ತಿದ್ದರು. ರಾಮನ ಜನನ, ವಿಶ್ವಾಮಿತ್ರರ ಯಾಗ, ಸೀತಾ ಸ್ವಯಂವರ ಎಲ್ಲವನ್ನೂ ಭಕ್ತಿಯಿಂದಲೇ ನೋಡಿದರು. ಆದರೆ ಬೇಸಿಗೆಯ ಹೊತ್ತಿಗೆ ಕಥೆ ಅಯೋಧ್ಯೆಯ ಅಂತಃಪುರವನ್ನು ಹೊಕ್ಕು ಬೆನ್ನು ಬಾಗಿದ ದಾಸಿಯೊಬ್ಬಳು ಪರದೆಯ ಮೇಲೆ ಕಾಣಿಸಿಕೊಂಡಾಗ ದೊಡ್ಡಮ್ಮ ಒರಗಿದ್ದ ಕಂಬವನ್ನು ಬಿಟ್ಟು ಮುಂದಕ್ಕೆ ಬಾಗಿದರು. ಅಲ್ಲಿಂದ ಮುಂದಿನ ಕೆಲವು ವಾರಗಳಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಆ ಮುದುಕಿ ಇವತ್ತು ಬರುತ್ತಾಳೇನೋ?”

ಕೈಕೇಯಿಯ ಮನಸ್ಸು ತಿರುಗಿದ ಭಾನುವಾರದಂದು ನಮ್ಮ ನಡುಮನೆಯಲ್ಲಿ ಮೂರು ಭಾಷೆಗಳಲ್ಲಿ ಶಾಪ ಬಿದ್ದಿತು. ಹೆಂಗಸರು ಬೆರಳ ನೆಟಿಗೆ ಮುರಿದರು. ‘ಇವಳ ಬಾಯಿಗೆ ಹುಳ ಬೀಳ’ ಎಂದರೊಬ್ಬರು. ಆಗ ದೊಡ್ಡಮ್ಮ ಯಾರನ್ನೂ ನೋಡದೆ, ಪರದೆಯನ್ನೇ ನೋಡುತ್ತಾ ಹೇಳಿದರು: “ಬೈಯಿರಮ್ಮ, ಬೈಯಿರಿ. ಎರಡು ವರ ಕೇಳಿಸಿದಳು. ಅದರಲ್ಲಿ ಒಂದನ್ನಾದರೂ ತನಗಾಗಿ ಕೇಳಿಕೊಂಡಳೇ?”

ಯಾರೂ ಉತ್ತರ ಕೊಡಲಿಲ್ಲ. ಮಾತು ಅಲ್ಲಿಗೇ ನಿಂತಿತು. ಆದರೆ ನನ್ನ ಮನಸ್ಸಿನಲ್ಲಿ ಇಂದಿಗೂ ನಿಂತಿಲ್ಲ.

ಕೆಟ್ಟ ಪಾತ್ರಗಳ ಮೇಲಿನ ಒಲವು ದೂರದರ್ಶನದಿಂದ ಬಂದುದೇನಲ್ಲ. ಅದು ಕನ್ನಡಿಗರಿಗೆ ಹಳೆಯ ಅಭ್ಯಾಸ. ರನ್ನನ ‘ಗದಾಯುದ್ಧ’ದಲ್ಲಿ ಗೆಲ್ಲುವವನು ಭೀಮ, ಆದರೆ ಕಾವ್ಯ ಓದಿ ಮುಗಿಸಿದವನ ಎದೆಯಲ್ಲಿ ಉಳಿಯುವವನು ದುರ್ಯೋಧನ. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣನಲ್ಲಿ ದುರಂತ ನಾಯಕನ ಲಕ್ಷಣವನ್ನು ಗುರುತಿಸಿ ತೋರಿಸಿದವರು ಬಿ.ಎಂ. ಶ್ರೀಕಂಠಯ್ಯನವರು. ಇನ್ನು ನಮ್ಮ ಕೋಲಾರ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ‘ಕುರುಕ್ಷೇತ್ರ’ ನಾಟಕ ಕಟ್ಟುವಾಗ ಯಾವ ಪಾತ್ರಕ್ಕೆ ಪೈಪೋಟಿ ಹೆಚ್ಚು ಎಂಬುದನ್ನು ಬಲ್ಲವರು ಬಲ್ಲರು. ಧರ್ಮರಾಯನ ಪಾತ್ರಕ್ಕೆ ಜನರನ್ನು ಹುಡುಕಬೇಕು. ದುರ್ಯೋಧನನ ಪಾತ್ರಕ್ಕಾದರೆ ಹೆಚ್ಚು ಹಣ ತೆತ್ತು ಬರುವವರಿರುತ್ತಾರೆ. ಊರಿನ ಸಾಧು ಮನುಷ್ಯನೇ ಗದೆ ಹಿಡಿದು ತೊಡೆ ತಟ್ಟಿ ಅಬ್ಬರಿಸಿ, ಮರುದಿನ ಬೆಳಿಗ್ಗೆ ಮುಖದ ಬಣ್ಣ ಪೂರ್ತಿ ಹೋಗದೆಯೇ ಹೊಲಕ್ಕೆ ಹೋಗುತ್ತಾನೆ. ಎಂದೂ ಆಡಲಾಗದ ಮಾತನ್ನು ಒಂದು ರಾತ್ರಿ ಆಡಿದ ತೃಪ್ತಿ ಅವನಿಗೆ.

ಆದರೆ ದುರ್ಯೋಧನ, ರಾವಣರನ್ನು ಮೆಚ್ಚುವುದು ಸುಲಭ. ಅವರಿಗೆ ಕಿರೀಟವಿದೆ, ಛಲವಿದೆ, ಸಾಯುವಾಗಲೂ ಒಂದು ಗತ್ತಿದೆ. ಮಂಥರೆಗೆ ಇವು ಯಾವುವೂ ಇಲ್ಲ. ವಾಲ್ಮೀಕಿ ಮಹರ್ಷಿಗಳು ಅವಳನ್ನು ಪರಿಚಯಿಸುವಾಗ ಅವಳು ಹುಟ್ಟಿದ್ದು ಎಲ್ಲಿ ಎಂಬುದನ್ನೂ ಹೇಳುವುದಿಲ್ಲ. ಕೈಕೇಯಿಯ ತವರಿನಿಂದ ಅವಳೊಂದಿಗೆ ಬಂದ ದಾಸಿ ಎಂಬಷ್ಟೇ ಅವಳ ಗುರುತು. ರಾಮನಿಗೆ ಪಟ್ಟವೆಂಬ ಸುದ್ದಿ ಕೇಳಿ ಕೈಕೇಯಿ ಮೊದಲು ಹಿಗ್ಗುತ್ತಾಳೆ, ಸುದ್ದಿ ತಂದವಳಿಗೆ ಆಭರಣ ಕೊಡುತ್ತಾಳೆ. ಮಂಥರೆ ಆ ಆಭರಣವನ್ನು ಎಸೆದುಬಿಡುತ್ತಾಳೆ. ಮನಸ್ಸು ತಿರುಗಿದ ಮೇಲೆ ಅದೇ ಕೈಕೇಯಿ ಅವಳ ಗೂನನ್ನು ಹಾಡಿ ಹೊಗಳಿ, ಅದಕ್ಕೆ ಚಿನ್ನದ ಮಾಲೆ ತೊಡಿಸುವೆನೆನ್ನುತ್ತಾಳೆ. ಚಿನ್ನದ ಗಣಿಯ ಸೀಮೆಯವರಾದ ನಮಗೆ ಈ ಚಿತ್ರ ತಟ್ಟನೆ ಅರ್ಥವಾಗಬೇಕು. ಬೆನ್ನು ಬಾಗಿಸಿ ದುಡಿದವರು ಒಬ್ಬರು, ಬಂಗಾರ ತೊಟ್ಟವರು ಇನ್ನೊಬ್ಬರು. ಕೊನೆಗೆ ಭರತ ಶತ್ರುಘ್ನರು ಮರಳಿ ಬಂದಾಗ ನೆಲದ ಮೇಲೆ ಎಳೆದಾಡಿಸಿಕೊಂಡವಳು ಮಂಥರೆ. ವರ ಕೇಳಿದವಳು ರಾಣಿಯಾಗಿಯೇ ಉಳಿದಳು.

ತುಳಸೀದಾಸರು ಈ ಪಾತ್ರದ ವಿಷಯದಲ್ಲಿ ಇನ್ನೊಂದು ದಾರಿ ಹಿಡಿದರು. ದೇವತೆಗಳ ಕೋರಿಕೆಯಂತೆ ಸರಸ್ವತಿಯೇ ಬಂದು ಮಂಥರೆಯ ಬುದ್ಧಿಯನ್ನು ತಿರುಗಿಸಿದಳೆಂದು ಅವರ ‘ರಾಮಚರಿತ ಮಾನಸ’ ಹೇಳುತ್ತದೆ. ನಮ್ಮ ಕುವೆಂಪು ಅವರು ದೇವತೆಗಳ ಮೇಲೆ ಹೊರೆ ಹೊರಿಸಲಿಲ್ಲ. 1967ರ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ತಂದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಒಂದು ಸಂಚಿಕೆಗೇ ಅವಳ ಹೆಸರನ್ನಿಟ್ಟು, ಅವಳನ್ನು ಮಮತೆಯ ಸುಳಿಯಾಗಿ ಕಂಡರು. ಕೇಡಿನ ಬೇರು ದ್ವೇಷವಲ್ಲ, ಒಂದೇ ಕಡೆಗೆ ಹರಿದ ಪ್ರೀತಿ ಎಂಬ ದರ್ಶನವದು. ಶಾಲೆಯ ಮುಖವನ್ನೇ ಕಾಣದ ನನ್ನ ದೊಡ್ಡಮ್ಮ ಆ ಮಹಾಕಾವ್ಯವನ್ನು ಓದಿರಲಿಲ್ಲ. ಆದರೂ ಅವರು ಆಡಿದ್ದು ಹೆಚ್ಚುಕಡಿಮೆ ಅದೇ ಮಾತು.

ಪರದೆಯ ಮೇಲೆ ಮಂಥರೆಯಾಗಿದ್ದವರು ಲಲಿತಾ ಪವಾರ್. ಮೂಕಿ ಚಿತ್ರಗಳ ಕಾಲದಲ್ಲಿಯೇ ಬಾಲನಟಿಯಾಗಿ ಬಂದು ನಾಯಕಿಯಾದವರು. 1942ರಲ್ಲಿ ಚಿತ್ರೀಕರಣವೊಂದರಲ್ಲಿ ಸಹನಟರೊಬ್ಬರು ಕೆನ್ನೆಗೆ ಬಾರಿಸಬೇಕಾಗಿದ್ದ ಏಟು ಲೆಕ್ಕ ತಪ್ಪಿ ಜೋರಾಗಿ ಬಿತ್ತು. ಮುಖದ ಒಂದು ಪಾರ್ಶ್ವ ಸ್ವಾಧೀನ ತಪ್ಪಿತು. ಮೂರು ವರ್ಷಗಳ ಚಿಕಿತ್ಸೆಯ ಅನಂತರವೂ ಎಡಗಣ್ಣಿನಲ್ಲಿ ಊನ ಉಳಿಯಿತು. ನಾಯಕಿಯ ಪಾತ್ರಗಳು ಅಲ್ಲಿಗೆ ಮುಗಿದವು. ಆ ಕಿರಿದಾದ ಕಣ್ಣನ್ನೇ ಬಂಡವಾಳ ಮಾಡಿಕೊಂಡು ಅವರು ಹಿಂದಿ ಚಿತ್ರರಂಗದ ಗಯ್ಯಾಳಿ ಅತ್ತೆಯಾದರು. ಅದೇ ಮುಖದಿಂದ ‘ಶ್ರೀ 420’ರಲ್ಲಿ ಬಾಳೆಹಣ್ಣು ಮಾರುವ ಕರುಣಾಳು ತಾಯಿಯೂ ಆದರು, 1959ರ ‘ಅನಾಡಿ’ಯಲ್ಲಿ ಹೊರಗೆ ಕಟುವಾಗಿ ಒಳಗೆ ಮೃದುವಾದ ಮನೆಯೊಡತಿಯಾಗಿ ಫಿಲ್ಮ್‌ಫೇರ್ ಪ್ರಶಸ್ತಿಯನ್ನೂ ಪಡೆದರು. ಅವರು 1998ರಲ್ಲಿ ತೀರಿಕೊಂಡಾಗ ಎಲ್ಲರೂ ನೆನೆದದ್ದು ಮಂಥರೆಯನ್ನು. ವಿಧಿ ಹೊಡೆದ ಏಟಿನ ಗುರುತನ್ನು ಮುಖದಲ್ಲಿ ಹೊತ್ತವರೇ ಆ ಪಾತ್ರ ಮಾಡಿದ್ದರಿಂದಲೋ ಏನೋ, ಆ ಮುದುಕಿಯ ಸಿಟ್ಟಿನ ಹಿಂದೆ ಒಂದು ನೋವು ಇಣುಕುತ್ತಿತ್ತು. ದೊಡ್ಡಮ್ಮ ಅದನ್ನು ಕಂಡಿರಬೇಕು.

ಕಾಣಲು ಅವರಿಗೆ ಕಾರಣವೂ ಇತ್ತು. ಇಲ್ಲಿಂದ ಮುಂದಿನ ಮಾತನ್ನು ಬರೆಯಬೇಕೇ ಬೇಡವೇ ಎಂದು ಬಹಳ ದಿನ ಯೋಚಿಸಿದ್ದೇನೆ. ಎಂಬತ್ತರ ಹತ್ತಿರ ಬಂದವನು ಬಚ್ಚಿಟ್ಟುಕೊಂಡು ಒಯ್ಯುವುದಾದರೂ ಎಲ್ಲಿಗೆ?

ದೊಡ್ಡಮ್ಮ ಹದಿನಾರನೆಯ ವಯಸ್ಸಿಗೇ ವಿಧವೆಯಾದವರು. ನನ್ನ ತಾಯಿಯನ್ನು ಎರಡನೆಯ ಸಂಬಂಧಕ್ಕೆ ಕೊಟ್ಟಾಗ ಅವರೊಂದಿಗೆ ಬಟ್ಟೆಯ ಗಂಟು ಹಿಡಿದು ರಾಬರ್ಟ್‌ಸನ್ ಪೇಟೆಗೆ ಬಂದರು. ನನ್ನ ತಂದೆಯವರಿಗೆ ಅಲ್ಲಿ ದಿನಸಿ ಅಂಗಡಿ. ಮೊದಲನೆಯ ಹೆಂಡತಿ ತೀರಿಕೊಂಡಿದ್ದರು. ಅವರ ಮಗ, ನನ್ನ ಅಣ್ಣ, ಆಗ ಅಂಬೆಗಾಲಿನ ಕೂಸು. ಆ ಕೂಸನ್ನು ಎತ್ತಿ ಆಡಿಸಿದವರೂ ದೊಡ್ಡಮ್ಮನೇ. ಆದರೆ ನಾನು ಹುಟ್ಟಿದ ಮೇಲೆ ಅವರ ಪ್ರೀತಿಯ ನೀರೆಲ್ಲಾ ಒಂದೇ ಕಾಲುವೆಯಲ್ಲಿ ಹರಿಯಿತು.

ಅಣ್ಣ ಬುದ್ಧಿವಂತ. 1958ರಲ್ಲಿ ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದ. ನಾನು ಓದಿನಲ್ಲಿ ಸಾಧಾರಣ. ತಂದೆಯವರ ಕಣ್ಣು ಮಂಜಾಗತೊಡಗಿತ್ತು; ಇಬ್ಬರಲ್ಲೊಬ್ಬರು ಅಂಗಡಿಗೆ ಕೂರಲೇಬೇಕು. ದೊಡ್ಡವನು ಬೆಂಗಳೂರಿಗೆ ಹೋಗಿ ಓದಲಿ, ಚಿಕ್ಕವನು ತಕ್ಕಡಿ ಹಿಡಿಯಲಿ ಎಂಬುದು ತಂದೆಯವರ ಮನಸ್ಸು. ಒಂದು ರಾತ್ರಿ ಅಡುಗೆಮನೆಯಲ್ಲಿ ದೊಡ್ಡಮ್ಮ ನನ್ನ ತಾಯಿಗೆ ಹೇಳಿದರಂತೆ: “ತಂಗೀ, ಓದಿ ದೊಡ್ಡ ಮನುಷ್ಯನಾದ ಮೇಲೆ ಸವತಿಯ ಮಗ ನಿನ್ನನ್ನು ನೋಡಿಕೊಳ್ಳುತ್ತಾನೆಂದು ಯಾವ ಭರವಸೆ? ಓದು ನಿನ್ನ ಮಗನಿಗಿರಲಿ. ಅಂಗಡಿ ಅವನಿಗಿರಲಿ.” ತಾಯಿ ತಂದೆಗೆ ಹೇಳಿದರು. ತಂದೆಯವರು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಅಣ್ಣನನ್ನು ಕರೆದು ಅಂಗಡಿಯ ಬೀಗದ ಕೈ ಕೊಟ್ಟರು. ಅವನು ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡ. ಏಕೆಂದು ಕೇಳಲಿಲ್ಲ.

ನಾನು ಮುಂದೆ ಬೆಂಗಳೂರಿಗೆ ಹೋದೆ. ಪದವಿ ಪಡೆದೆ. ಬಂಗಾರಪೇಟೆಯಲ್ಲಿ ಉಪಾಧ್ಯಾಯನಾದೆ, ಮನೆ ಕಟ್ಟಿದೆ. ತಂದೆಯವರು ಲಿಂಗೈಕ್ಯರಾದ ಮೇಲೆ ತಾಯಿ, ದೊಡ್ಡಮ್ಮ ನನ್ನೊಂದಿಗೆ ಬಂದು ನಿಂತರು. ಆ ರಾತ್ರಿಯ ಮಾತನ್ನು ತಾಯಿ ನನಗೆ ತಿಳಿಸಿದ್ದು ನಾನು ಸಂಬಳ ತರಲಾರಂಭಿಸಿ ಹಲವು ವರ್ಷಗಳಾದ ಮೇಲೆ. ಕೇಳಿ ಸುಮ್ಮನಾದೆ. ಓದಿದ ವಿದ್ಯೆಯನ್ನು ಹಿಂದಿರುಗಿಸಲು ಬರುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಣ್ಣನ ಮನೆಯಲ್ಲಿ ಆಗ ದೂರದರ್ಶನವಿರಲಿಲ್ಲ. ಭಾನುವಾರ ಬೆಳಿಗ್ಗೆ ಉರಿಗಾಂ ನಿಲ್ದಾಣದಲ್ಲಿ ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ, ಅತ್ತಿಗೆಯನ್ನೂ ಮಕ್ಕಳನ್ನೂ ಕರೆದುಕೊಂಡು ‘ರಾಮಾಯಣ’ ನೋಡಲು ನಮ್ಮಲ್ಲಿಗೆ ಬರುತ್ತಿದ್ದ. ಬರುವಾಗ ಅಂಗಡಿಯಿಂದ ಬೆಲ್ಲವನ್ನೋ ಕಡಲೆಯನ್ನೋ ಕಟ್ಟಿ ತರುತ್ತಿದ್ದ. ದೊಡ್ಡಮ್ಮ ಮಂಥರೆಯ ಪರವಾಗಿ ಮಾತನಾಡಿದ ಆ ಭಾನುವಾರವೂ ಅವನು ಅಲ್ಲಿಯೇ, ಬಾಗಿಲ ಬಳಿ ಚಾಪೆಯ ಮೇಲೆ ಕುಳಿತಿದ್ದ. ಧಾರಾವಾಹಿ ಮುಗಿದು ನೆರೆಯವರು ಎದ್ದುಹೋದ ಮೇಲೆ ಎಲೆ ಹಾಕಿದರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಗಂಡಸರು ಕುಳಿತೆವು. ಅಣ್ಣ ಮುದ್ದೆಗೆ ಕೈ ಹಾಕುವ ಮುನ್ನ ಕಂಬದ ಕಡೆ ತಿರುಗಿ ಕೇಳಿದ: “ದೊಡ್ಡಮ್ಮಾ, ನೀನು ಊಟ ಮಾಡಿದೆಯಾ?”

ಓದುಗರು ಇದನ್ನು ಸಾಮಾನ್ಯ ಮಾತೆಂದು ಭಾವಿಸಬಹುದು. ನಾನಾದರೋ ಅಂದು ಬೆಚ್ಚಿದೆ. ನಲವತ್ತು ವರ್ಷಗಳಿಂದ ನಮ್ಮ ಮನೆಯ ಒಲೆಯ ಮುಂದೆ ಬೆಂದ ಆ ಜೀವವನ್ನು ಊಟದ ಹೊತ್ತಿನಲ್ಲಿ ಯಾರೂ ಆ ಪ್ರಶ್ನೆ ಕೇಳಿದ್ದನ್ನು ನಾನು ಕೇಳಿರಲಿಲ್ಲ. ಅವರಿಗಾಗಿ ಎಲ್ಲವನ್ನೂ ಪಡೆದ ನಾನೂ ಕೇಳಿರಲಿಲ್ಲ.

ಶರಣ ಧರ್ಮದಲ್ಲಿ ಹುಟ್ಟಿದವರು ನಾವು. ಅಂಗದ ಮೇಲೆ ಲಿಂಗವಿದ್ದವರಿಗೆ ಸೂತಕವಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ನಮಗೆ ಹೇಳಿಯಾಗಿದೆ. ಗಂಡ ಸತ್ತ ಮಾತ್ರಕ್ಕೆ ಹೆಣ್ಣು ಅಮಂಗಳೆಯಾಗುವುದಿಲ್ಲವೆಂಬುದು ನಮ್ಮಲ್ಲಿ ಎಲ್ಲರೂ ಭಾಷಣ ಮಾಡುವ ವಿಷಯ. ಆದರೆ ನನ್ನ ಮದುವೆಯ ದಿನ ನನ್ನನ್ನು ಸಾಕಿದ ದೊಡ್ಡಮ್ಮ ಚಪ್ಪರದ ಕೆಳಗೆ ಬರಲಿಲ್ಲ. ಉಗ್ರಾಣದಲ್ಲಿ ಸಕ್ಕರೆ ಅಳೆಯುತ್ತಾ ಕುಳಿತಿದ್ದರು. ಬಾ ಎಂದು ಕರೆದವರಿಲ್ಲ, ಬರಬೇಡ ಎಂದವರೂ ಇಲ್ಲ. ಕೊರಳಲ್ಲಿ ಲಿಂಗವಿದ್ದ ಆ ತಾಯಿಯನ್ನು ದೂರವಿರಿಸಿದ್ದು ಯಾವ ಶಾಸ್ತ್ರವೂ ಅಲ್ಲ, ನಮ್ಮ ಮರೆವು. ಸ್ವಂತ ಸೂರಿಲ್ಲದ, ಹೊಟ್ಟೆಯಲ್ಲಿ ಹುಟ್ಟಿದ ಮಗನಿಲ್ಲದ ಹೆಣ್ಣುಮಗಳಿಗೆ ತಂಗಿಯ ಮಗನೇ ಮುಪ್ಪಿನ ಊರುಗೋಲು. ಆ ಊರುಗೋಲು ಗಟ್ಟಿಯಾಗಲೆಂದು ಅವರು ಇನ್ನೊಬ್ಬ ಮಗನ ಕೈಯಿಂದ ಪುಸ್ತಕ ಕಸಿದರು. ಅದು ತಪ್ಪು. ತಪ್ಪನ್ನು ತಪ್ಪೆಂದೇ ಹೇಳಬೇಕು. ಆದರೆ ಆ ತಪ್ಪು ಬೆಳೆದ ನೆಲ ಯಾರದು ಎಂಬುದನ್ನೂ ಕೇಳಬೇಕು.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನವರು ನೆನಪಾಗುತ್ತಾರೆ. ಅವರೂ ಬಡ ಹೆಣ್ಣುಮಗಳೇ. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಸಲ್ಲದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದರು. ಮಂಥರೆಯೂ ಒಂದು ಮಾತಿನಿಂದ ಮನೆಯ ದಿಕ್ಕನ್ನು ತಿರುಗಿಸಿದಳು, ಲಕ್ಕಮ್ಮನೂ ಒಂದು ಮಾತಿನಿಂದಲೇ ತಿರುಗಿಸಿದರು. ಒಬ್ಬಳ ಮಾತು ಹೆಚ್ಚು ತಾ ಎಂದಿತು, ಇನ್ನೊಬ್ಬರದು ಹೆಚ್ಚಾದದ್ದನ್ನು ಬಿಟ್ಟು ಬಾ ಎಂದಿತು. ಈ ಅಂತರ ಎಲ್ಲಿಂದ ಬಂತು? ಲಕ್ಕಮ್ಮನಿಗೆ ತನ್ನದೇ ಆದ ಕಾಯಕವಿತ್ತು, ಶರಣರ ನಡುವೆ ಹೆಸರಿತ್ತು, ಅವರ ಮಾತಿಗೆ ಬೆಲೆಯಿತ್ತು. ನಾಳೆ ಏನಾದೀತೋ ಎಂಬ ಭಯ ಅವರಿಗಿರಲಿಲ್ಲ. ಮಂಥರೆಗೆ ಇದ್ದುದು ಒಡತಿಯ ಕೃಪೆಯೊಂದೇ. ಅಂಜಿಕೆಯಲ್ಲಿ ಬದುಕುವವರ ಪ್ರೀತಿ ಹೆಚ್ಚಾಗಿ ಹೀಗೆಯೇ ವಕ್ರವಾಗುತ್ತದೆ. ಮಂಥರೆ ಕಲ್ಯಾಣದಲ್ಲಿ ಹುಟ್ಟಿದ್ದರೆ ಅವಳಿಗೂ ಒಂದು ಕಾಯಕ ಸಿಗುತ್ತಿತ್ತು, ಅವಳ ವಚನವೂ ಒಂದು ಉಳಿಯುತ್ತಿತ್ತೋ ಏನೋ.

ದೊಡ್ಡಮ್ಮ 1994ರಲ್ಲಿ ಲಿಂಗೈಕ್ಯರಾದರು. ಏಳು ವರ್ಷಗಳ ಅನಂತರ, 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದವು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಆರಂಭಿಸಿದ ಗಣಿಗಾರಿಕೆ, 1902ರಷ್ಟು ಹಿಂದೆಯೇ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡ ಊರು, ಚಾಂಪಿಯನ್ ರೀಫ್‌ನಲ್ಲಿ ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಸುರಂಗ, ಎಲ್ಲವೂ ನಿಂತುಹೋಯಿತು. ಗಡಿಯಾರಕ್ಕಿಂತ ಹೆಚ್ಚಾಗಿ ಜನ ನಂಬಿದ್ದ ಪಾಳಿಯ ಸೈರನ್ ಮೌನವಾಯಿತು. ಸಯನೈಡ್ ದಿಬ್ಬಗಳು ಮಾತ್ರ ಉಳಿದವು. ಗಣಿಯ ಸಂಬಳದ ದಿನವನ್ನು ನೆಚ್ಚಿ ಉದ್ದರಿ ಕೊಟ್ಟಿದ್ದ ಅಂಗಡಿಗಳ ಲೆಕ್ಕದ ಪುಸ್ತಕಗಳು ಅಂದಿಗೆ ಬರಿಯ ಕಾಗದವಾದವು. ಅಣ್ಣನ ಪುಸ್ತಕವೂ ಅವುಗಳಲ್ಲೊಂದು. ಕೆಲಸ ಹೋದವರ ಮನೆಗೆ ಸಾಲ ಕೇಳಲು ಹೋಗುವುದು ಅವನಿಂದಾಗಲಿಲ್ಲ. ಮರುವರ್ಷ ಅಂಗಡಿ ಮುಚ್ಚಿದ. ಅದೇ ಸಮಯಕ್ಕೆ ನಾನು ನಿವೃತ್ತಿಯ ಹೊಸ್ತಿಲಲ್ಲಿದ್ದೆ. ನನಗೆ ಪಿಂಚಣಿ ನಿಶ್ಚಿತವಾಗಿತ್ತು. ರಾಮನ ವನವಾಸ ಹದಿನಾಲ್ಕು ವರ್ಷ. ನನ್ನ ಅಣ್ಣನದು ನಲವತ್ತನ್ನೂ ಮೀರಿತು. ಅಲ್ಲದೆ ಆ ಭರತ ಸಿಂಹಾಸನದ ಮೇಲೆ ಪಾದುಕೆಯನ್ನಿಟ್ಟು ತಾನು ಕೆಳಗೆ ಕುಳಿತ. ನಾನು ಸಿಂಹಾಸನದ ಮೇಲೆಯೇ ಕುಳಿತಿದ್ದೆ.

ಜನ ಮಂಥರೆಯನ್ನು ಬೈಯುತ್ತಾರೆ. ಪಟ್ಟವನ್ನು ಒಪ್ಪಿಕೊಂಡ ಭರತನೊಬ್ಬನಿದ್ದಿದ್ದರೆ ಅವನನ್ನು ಏನೆನ್ನುತ್ತಿದ್ದರು?

2020ರಲ್ಲಿ ಕೊರೋನಾ ದಿಗ್ಬಂಧನದ ಕಾಲದಲ್ಲಿ ದೂರದರ್ಶನದವರು ಮಾರ್ಚ್ 28ರಿಂದ ಅದೇ ‘ರಾಮಾಯಣ’ವನ್ನು ಮತ್ತೆ ಪ್ರಸಾರ ಮಾಡಿದರು. ಬೆಳಿಗ್ಗೆ ಒಂದು ಗಂಟೆ, ರಾತ್ರಿ ಒಂದು ಗಂಟೆ. ಅಣ್ಣ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದ. ನಾನು ಇಲ್ಲಿದ್ದೆ. ರೈಲುಗಳು ನಿಂತಿದ್ದವು. ಪ್ರಸಾರ ಆರಂಭವಾದ ಕೆಲವೇ ದಿನಗಳಲ್ಲಿ, ಒಂದು ರಾತ್ರಿ ಹತ್ತು ಗಂಟೆಗೆ ಅವನ ಫೋನು ಬಂತು.

“ನೋಡಿದೆಯೇನೋ? ದೊಡ್ಡಮ್ಮ ಬಂದಿದ್ದಳು.”

ಇಬ್ಬರೂ ನಕ್ಕೆವು. ಆಮೇಲೆ ಅವನು, ನಾನು ಎಂದೂ ಕೇಳಿರದ ಸಂಗತಿಯೊಂದನ್ನು ಹೇಳಿದ. 1987ರ ಆ ಭಾನುವಾರ ಸಂಜೆ ಅವನನ್ನು ಕಳುಹಿಸಲು ದೊಡ್ಡಮ್ಮ ಎಂದಿನಂತೆ ರೈಲ್ವೆ ಗೇಟಿನವರೆಗೆ ಹೋಗಿದ್ದರಂತೆ. ಅತ್ತಿಗೆ ಮಕ್ಕಳು ಮುಂದೆ ಹೋದ ಮೇಲೆ ಅವನ ಕೈ ಹಿಡಿದು, “ಮಗಾ, ಆವತ್ತು ನಿನ್ನ ಓದು ತಪ್ಪಿಸಿದವಳು ನಾನು. ನಿನ್ನ ಚಿಕ್ಕಮ್ಮನದೇನೂ ತಪ್ಪಿಲ್ಲ. ನನ್ನನ್ನು ಮನ್ನಿಸು” ಎಂದರಂತೆ.

“ನೀನೇನೆಂದೆ?” ಎಂದೆ. ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು.

“ಗೊತ್ತು ದೊಡ್ಡಮ್ಮ ಎಂದೆ. ಆ ರಾತ್ರಿ ನೀರು ಕುಡಿಯಲು ಎದ್ದು ಬಂದವನು ಅಡುಗೆಮನೆಯ ಬಾಗಿಲ ಹಿಂದೆಯೇ ನಿಂತಿದ್ದೆ. ಎಲ್ಲಾ ಕೇಳಿಸಿತ್ತು. ಅವಳು ಆ ಮಾತು ಹೇಳಿ ಮುಗಿಸಿ, ತನ್ನ ತಟ್ಟೆಯ ಅನ್ನವನ್ನು ಹಾಗೆಯೇ ಮುಚ್ಚಿಟ್ಟು ಮಲಗಿದಳು ಕಣೋ. ಮರುದಿನವೂ ಉಣ್ಣಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ.”

ಬಹಳ ಹೊತ್ತು ನಾನು ಮಾತನಾಡಲಿಲ್ಲ. ಅವನೂ ಮಾತನಾಡಲಿಲ್ಲ. ಕಡೆಗೆ ಅವನೇ, ಆರೋಪದ ಧ್ವನಿಯಲ್ಲಲ್ಲ, ದಿನಸಿಯ ಲೆಕ್ಕ ಓದುವ ಧ್ವನಿಯಲ್ಲಿ ಹೇಳಿದ: “ಅವಳು ಕೇಳಿದಳು. ನೀನು ಕೇಳಲಿಲ್ಲ. ಅಷ್ಟೇ.”

ಬಂಧುಗಳೇ, ಧಾರಾವಾಹಿಯ ಕೆಟ್ಟ ಪಾತ್ರವನ್ನು ಮೆಚ್ಚುವ ಮಕ್ಕಳನ್ನು ಗದರಿಸಬೇಡಿ. ಏಕೆ ಮೆಚ್ಚಿದೆ ಎಂದು ಕೇಳಿ. ಕೆಲವರು ಅದರಲ್ಲಿ ತಾವು ಆಡಲಾಗದ ಮಾತನ್ನು ಕೇಳುತ್ತಾರೆ, ಕೆಲವರು ತಾವು ಮಾಡಿದ ತಪ್ಪನ್ನು ಕಾಣುತ್ತಾರೆ. ಒಳ್ಳೆಯ ಪಾತ್ರಗಳು ನಾವು ಹೇಗಿರಬೇಕೆಂದು ಹೇಳುತ್ತವೆ. ಕೆಟ್ಟ ಪಾತ್ರಗಳು ನಾವು ಹೇಗಿದ್ದೇವೆಂದು ಕೇಳುತ್ತವೆ. ಪರದೆಯ ಮೇಲಿನ ದಾಸಿಗೆ ನೆಟಿಗೆ ಮುರಿಯುವ ಮೊದಲು, ನಮ್ಮ ಮನೆಯ ಕಂಬಕ್ಕೆ ಒರಗಿ ಕುಳಿತವರು ಯಾರೆಂದು ಒಮ್ಮೆ ತಿರುಗಿ ನೋಡುವುದು ಒಳ್ಳೆಯದು. ಪರರ ದೋಷಕ್ಕಿಂತ ಮೊದಲು ತನ್ನನ್ನು ನೋಡಿಕೊಳ್ಳಬೇಕೆಂದು ಅಣ್ಣ ಬಸವಣ್ಣನವರು ಕಲಿಸಿದ ಪಾಠವನ್ನು ನಾನು ನಾಲ್ಕು ದಶಕ ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದು ಕಲಿಸಿದವನು. ಕಲಿತದ್ದು ಎಪ್ಪತ್ತೈದನೆಯ ವಯಸ್ಸಿನಲ್ಲಿ, ಆ ರಾತ್ರಿ.

ಫೋನನ್ನು ಕಿವಿಗೆ ಒತ್ತಿಕೊಂಡು, “ಅಣ್ಣಾ, ತಪ್ಪಾಯಿತು” ಎಂದೆ. ಅರವತ್ತೆರಡು ವರ್ಷ ತಡವಾಗಿ ಬಂದ ಆ ಎರಡು ಶಬ್ದಗಳಿಗೆ ಅವನು ಏನೂ ಹೇಳಲಿಲ್ಲ. ಆ ಕಡೆಯಿಂದ ಅವನು ಗಂಟಲು ಸರಿಮಾಡಿಕೊಂಡದ್ದು ಮಾತ್ರ ಕೇಳಿಸಿತು. ಆಮೇಲೆ ಕೇಳಿದ:

“ಊಟ ಮಾಡಿದೆಯೇನೋ?”